ಪ್ರಿಂಟರಿನ ಕೆಳಗಿನ ಬಲ್ಬು

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಶಾಂತಲಾ ಕೆಲಸಕ್ಕೆ ಸೇರಿದ ವಾರ ಗುರುಸ್ವಾಮಿ ಈ ಗಾದೆಯನ್ನು ಊಟಿಯ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಯಾರೂ ನಗಲಿಲ್ಲ. ಎಲ್ಲರೂ ಅವಳ ಕಂಪ್ಯೂಟರಿನ ಸುತ್ತ ನಿಂತು, ದೂರದ ಎಮರಾಲ್ಡ್ ಊರಿನಲ್ಲಿ ತಕ್ಕಡಿಗೆ ಹಾಕಿದ ಚಹಾ ಎಲೆಯ ತೂಕ ಇಲ್ಲಿ ಪರದೆಯ ಮೇಲೆ ಆ ಕ್ಷಣವೇ ಮೂಡುವುದನ್ನು ನೋಡುತ್ತಿದ್ದರು.

ಅದು ರೈತರಿಂದ ಹಸಿ ಎಲೆ ಕೊಳ್ಳುವ ಒಂದು ಸಣ್ಣ ಚಹಾ ಕಾರ್ಖಾನೆ. ಎಮರಾಲ್ಡ್, ಸೋಲೂರು, ಕುಂದಾ, ಮೂರೂ ಕಡೆ ಅದಕ್ಕೆ ಎಲೆ ಶೆಡ್ಡುಗಳು. ಒಂದೊಂದರಲ್ಲೂ ಒಂದು ಹಳೆಯ ಎಲೆಕ್ಟ್ರಾನಿಕ್ ತಕ್ಕಡಿ, ಕರಕರ ಸದ್ದು ಮಾಡುತ್ತ ಚೀಟಿ ಹೊಡೆಯುವ ಒಂದು ಮುದಿ ಪ್ರಿಂಟರ್. ಅವನ್ನು ಸಾಕಿದವನು ಗುರುಸ್ವಾಮಿ. ಅವರಪ್ಪ ಗುಂಡ್ಲುಪೇಟೆಯಿಂದ ಬಂದು ಊಟಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವರು; ಮಗನಿಗೆ ಬಂದ ಆಸ್ತಿ ಒಂದು ಸ್ಕ್ರೂಡ್ರೈವರು ಮತ್ತು ಒಂದಿಷ್ಟು ಕೊಬ್ಬು. ವಾರಕ್ಕೆರಡು ಸಲ ಬಸ್ಸು ಹತ್ತಿ ಶೆಡ್ಡುಗಳಿಗೆ ಹೋಗಿ, ಯಂತ್ರಗಳ ಮೈ ಮುಟ್ಟಿ ನೋಡಿ, ಚೀಟಿಗಳ ಕಟ್ಟು ಹೊತ್ತು ತರುವುದು ಅವನ ಕೆಲಸ. ಹೋದಲ್ಲೆಲ್ಲ ರಾಜಮರ್ಯಾದೆ. ಸೋಲೂರಿನ ಶೆಡ್ಡು ನೋಡಿಕೊಳ್ಳುವ ಮಾಯಮ್ಮ ಅವನಿಗೆಂದೇ ಒಂದು ದೊಡ್ಡ ಸ್ಟೀಲ್ ಲೋಟ ತೆಗೆದಿಟ್ಟಿದ್ದಳು.

ಮ್ಯಾನೇಜರ್ ವಸಂತಕುಮಾರ್‌ಗೆ ಹೊಸ ಯಂತ್ರ ಕೊಳ್ಳುವ ಮನಸ್ಸಿರಲಿಲ್ಲ. ಹಳೆಯದನ್ನೇ ಇಂಟರ್‌ನೆಟ್ಟಿಗೆ ಕಟ್ಟುತ್ತೇನೆ ಎಂದು ಬಂದವಳು ಗೂಡಲೂರಿನ ಈ ಶಾಂತಲಾ. ತಕ್ಕಡಿಯ ಬೆನ್ನಿನಲ್ಲಿ ಯಾರೂ ಮುಟ್ಟದೆ ಧೂಳು ತಿನ್ನುತ್ತಿದ್ದ ಒಂದು ಕಿಂಡಿಗೆ ಕೇಬಲ್ ಚುಚ್ಚಿ, ಅಂಗೈಯಷ್ಟು ಬಿಳಿ ಡಬ್ಬಿಗೆ ಜೋಡಿಸಿದಳು, ಮುಗಿಯಿತು. ಇನ್ನು ಚೀಟಿ ಕಟ್ಟು ಯಾಕೆ, ಬಸ್ಸು ಯಾಕೆ, ಗುರುಸ್ವಾಮಿ ತಾನೆ ಯಾಕೆ? ಆ ಕಿಂಡಿಯನ್ನು ಇಷ್ಟು ವರ್ಷ ಒರೆಸಿದವನು ತಾನು, ಅದರೊಳಗೆ ಏನಿದೆಯೆಂದು ಕಂಡವಳು ಅವಳು. ಅವನ ಹೊಟ್ಟೆ ಉರಿದುಹೋಯಿತು.

ಸೋಲೂರಿಗೆ ಡಬ್ಬಿ ಕೂಡಿಸುವ ದಿನ ಅವನನ್ನೂ ಜೊತೆಗೆ ಕಳಿಸಿದರು. ಆಷಾಢದ ಜಿಟಿಜಿಟಿ ಮಳೆ, ಬಾಗಿಲ ಹೊರಗೆ ಬರೀ ಮಂಜು. ಮಾಯಮ್ಮ ಆ ದೊಡ್ಡ ಲೋಟದಲ್ಲಿ ಚಹಾ ತಂದು ಶಾಂತಲಾಳ ಕೈಗೆ ಕೊಟ್ಟಳು. ಗುರುಸ್ವಾಮಿಗೆ ಸಿಕ್ಕಿದ್ದು ಕಾಗದದ ಕಪ್ಪು. ಅವನು ಕುಡಿಯದೆ ಕಿಟಕಿಯ ಮೇಲಿಟ್ಟ.

ಮಾಯಮ್ಮ ಎಲೆ ಮೂಟೆ ಇಳಿಸಿಕೊಳ್ಳಲು ಹೊರಗೆ ಹೋದಳು. ಗೋಡೆಯಲ್ಲಿದ್ದುದು ಮೂರೇ ಸಾಕೆಟ್ಟು, ಮೂರೂ ತುಂಬಿದ್ದವು; ಡಬ್ಬಿಗೆ ಒಂದು ಬೇಕಿತ್ತು. ಶಾಂತಲಾ ಕೊನೆಯದನ್ನು ತೋರಿಸಿದಳು. "ಸಾರ್, ಇದು ತಕ್ಕಡಿದು, ಇದು ಪ್ರಿಂಟರ್‌ದು. ಈ ಮೂರನೇ ವಯರ್ ಎಲ್ಲಿಗೆ ಹೋಗ್ತದೆ?"

ಅದು ಪ್ರಿಂಟರಿನ ಮೇಜಿನ ಕೆಳಗೆ, ಹಲಗೆ ಬಡಿದು ಮುಚ್ಚಿದ ಗೂಡಿಗೆ ಹೋಗುತ್ತಿತ್ತು. ಒಳಗೆ ಒಂದು ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು. ಈ ಬೆಟ್ಟದ ಶೀತಕ್ಕೆ ಕಾಗದ ಉಬ್ಬುತ್ತದೆ, ಪ್ರಿಂಟರಿನ ಸೂಜಿಗಳು ಮರಗಟ್ಟುತ್ತವೆ. ಕೋಳಿಮರಿಗೆ ಕೊಟ್ಟ ಹಾಗೆ ಕಾವು ಕೊಟ್ಟರೆ ಮಾತ್ರ ಅದು ನಡೆಯುತ್ತದೆ. ಗುರುಸ್ವಾಮಿ ಇದನ್ನು ಯಾರಿಗೂ ಹೇಳಿರಲಿಲ್ಲ. ಜನ ಅವನ ಕೈಗುಣ ಎನ್ನುತ್ತಿದ್ದರು, ಅನ್ನಲಿ ಎಂದು ಬಿಟ್ಟಿದ್ದ.

"ಅದಾ? ಯಾವ ಕಾಲದ್ದೋ, ಬೇಡದ ವಯರು," ಎಂದ ಗುರುಸ್ವಾಮಿ. "ಕಿತ್ತಾಕಮ್ಮ."

ಅವಳು ಕಿತ್ತಳು. ಡಬ್ಬಿಯ ಹಸಿರು ದೀಪ ಹತ್ತಿತು.

ಅಲ್ಲಿಂದ ಮುಂದೆ ಅವನು ಆಫೀಸಿನಲ್ಲಿ ಕೂತು ಫೋನನ್ನೇ ಕಾದ. ಮಂಜು ದಟ್ಟವಾದಷ್ಟೂ ಅವನ ಮನಸ್ಸು ತಿಳಿಯಾಗುತ್ತಿತ್ತು. ಎರಡು ದಿನ ಕಳೆದು ಬೆಳಗ್ಗೆ ವಸಂತಕುಮಾರ್ ಗಾಬರಿಯಿಂದ ಹೊರಗೆ ಬಂದ. ಸೋಲೂರಿನಲ್ಲಿ ಪ್ರಿಂಟರ್ ಕಾಗದ ಅಗಿಯುತ್ತಿದೆಯಂತೆ. ತೂಕ ಪರದೆಗೆ ಬಂದರೇನು, ಕೈಗೆ ಚೀಟಿ ಬಾರದೆ ಒಬ್ಬ ರೈತನೂ ಕದಲುತ್ತಿಲ್ಲ, ಗಲಾಟೆಯೋ ಗಲಾಟೆ. ಗುರುಸ್ವಾಮಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಈಗ ಕರೆಯುತ್ತಾರೆ ಎಂದು ಸ್ಕ್ರೂಡ್ರೈವರನ್ನು ಜೇಬಿಗಿಟ್ಟುಕೊಂಡ.

ಶಾಂತಲಾ ಆಗಲೇ ಬಸ್ಸು ಹತ್ತಿದ್ದಾಳೆ ಎಂದು ವಸಂತಕುಮಾರ್ ಹೇಳಿದ.

ಗುರುಸ್ವಾಮಿ ಮುಂದಿನ ಬಸ್ಸು ಹಿಡಿದ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ನಾಟಕ ಕಟ್ಟಿದ: ಅವಳು ಅಳುತ್ತಿರುತ್ತಾಳೆ, ಜನ ಬಯ್ಯುತ್ತಿರುತ್ತಾರೆ, ತಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ವಯರು ಚುಚ್ಚಿ ಹೊರಬರುತ್ತೇನೆ. ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು. ಶೆಡ್ಡಿನ ತಿರುವಿನಲ್ಲಿ ಇಳಿದಾಗ ಕರಕರ ಸದ್ದು ಕೇಳಿಸಿತು.

ಪ್ರಿಂಟರ್ ಓಡುತ್ತಿತ್ತು. ಕೆಳಗಿನ ಹಲಗೆ ಬಿಚ್ಚಿತ್ತು, ಬಲ್ಬು ಎಲ್ಲರ ಕಣ್ಣೆದುರೇ ಉರಿಯುತ್ತಿತ್ತು. ಗೋಡೆಗೆ ಹೊಸದೊಂದು ಎಕ್ಸ್‌ಟೆನ್ಷನ್ ಬೋರ್ಡು ಬಂದಿತ್ತು. ಅವನ ಗುಟ್ಟಿನ ಮುಂದೆ ಇಬ್ಬರು ರೈತರು ಕುಕ್ಕರಗಾಲಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಿದ್ದರು.

"ಬಾಣ್ಣೊ, ಬಾ!" ಮಾಯಮ್ಮ ಓಡಿಬಂದಳು. "ನಿನ್ನ ಕೈಗುಣ ಏನೂಂತ ಇವತ್ತು ಗೊತ್ತಾಯ್ತು ಕಣಣ್ಣ. ಈ ಹೆಣ್ಣುಮಗ ಬಂದೇಟ್ಗೆ ಆ ವಯರ್ ಹಿಡ್ಕಂಡೋಗಿ ಹಲಗೆ ಬಿಚ್ಚಿ ನೋಡಿ, ಎಲ್ಲಾರ ಮುಂದ ಯೋಳ್ಬುಟ್ಲು: ಗುರುಸ್ವಾಮಿ ಸಾರು ಬಲ್ಬು ಕೀಳ್ಬೇಡ ಅಂತ ನಂಗೆ ಯೋಳಿದ್ರು, ನಾನೇ ಮರ್ತು ಕಿತ್ತಾಕ್ದೆ, ತಪ್ಪು ನಂದು ಅಂತ. ಜನ ಬಾಯಿಗ್ ಬಂದಂಗ್ ಬೈದ್ರು, ಪಾಪ, ತಲೆ ಬಗ್ಸ್ಕಂಡು ನಿಂತಿದ್ಲು."

ಗುರುಸ್ವಾಮಿ ಶಾಂತಲಾಳ ಕಡೆ ನೋಡಿದ. ಅವಳು ಚೀಟಿ ಹರಿದು ಒಬ್ಬರಿಗೆ ಕೊಟ್ಟು, ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ನಾಳೆ ಕುಂದಾ ಶೆಡ್ಡು ಸಾರ್. ನೀವೂ ಬನ್ನಿ. ಅಲ್ಲಿ ಬೇಡದ ವಯರ್ ಯಾವ್ದೂಂತ ತೋರಿಸೋಕೆ ನಿಮ್ಮನ್ನ ಬಿಟ್ರೆ ಯಾರಿದ್ದಾರೆ?"

ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಮಾಯಮ್ಮ ದೊಡ್ಡ ಲೋಟ ತಂದು ಈ ಸಲ ಅವನ ಕೈಗೇ ಕೊಟ್ಟಳು. ಚಹಾ ಬಿಸಿಯಾಗಿತ್ತು, ಸಿಹಿಯಾಗಿತ್ತು; ಒಂದು ಗುಟುಕು ಕುಡಿದು ಕಿಟಕಿಯ ಮೇಲಿಟ್ಟ. ಸುಳ್ಳು ಹೇಳುವುದರಲ್ಲೂ ಈ ಹುಡುಗಿ ತನಗಿಂತ ಒಂದು ಕೈ ಮೇಲು ಎಂದುಕೊಂಡ ಗುರುಸ್ವಾಮಿ.