ದಿಬ್ಬದಾಚೆಗೆ ರಸ್ತೆಯಿತ್ತು

ನಾನು ಥಾರ್ ಮರುಭೂಮಿಯ ಒಂದು ಒಂಟೆ. ಕೊರೆಯುವ ಚಳಿಯ ಒಂದು ಮುಂಜಾನೆ ಖೇಜಡಿ ಮರದ ಬುಡದಲ್ಲಿ ಹುಟ್ಟಿದೆ. ನಿಮ್ಮ ಕಡೆ ಅದನ್ನು ಬನ್ನಿ ಮರ ಎನ್ನುತ್ತಾರೆ. ಬಿದ್ದ ಕೂಡಲೇ ಬಾಯಿತುಂಬ ಮರಳು. ನಮ್ಮನ್ನು ಸಾಕಿದ್ದ ಸುಗನಿ ಎಂಬ ಹೆಂಗಸು ತನ್ನ ಓಢಣಿಯ ಸೆರಗಿನಿಂದ ನನ್ನ ಮೂತಿ ಒರೆಸಿ, ಮೈಬಣ್ಣ ನೋಡಿ ಕೇಸರ್ ಎಂದು ಹೆಸರಿಟ್ಟಳು. ಅವಳದು ತಲೆತಲಾಂತರದಿಂದ ಒಂಟೆ ಸಾಕುವ ರಾಯ್ಕಾ ಜನ. ತಾಯಿಯ ಎರಡು ಮೊಲೆಯ ಹಾಲು ಮರಿಗೆ, ಎರಡರದು ಮನೆಗೆ, ಇದು ಅವರ ಕಟ್ಟಳೆ. ನನಗೆ ಹಸಿವಾಗಿದ್ದರೆ ಅವಳು ಮನೆಯ ಪಾಲನ್ನೂ ಬಿಟ್ಟುಕೊಡುತ್ತಿದ್ದಳು.

ನಾವು ಮೇಯುತ್ತಿದ್ದ ಬಯಲಿಗೆ ಯಾರೋ ಬಂದು ತಂತಿಬೇಲಿ ಹಾಕಿದರು. ಒಂಟೆಗಳನ್ನು ಎಲ್ಲಿಗೆ ಹೊಡೆಯುವುದು ಎಂಬ ಜಗಳ ಮನೆಯಲ್ಲಿ ದಿನವೂ ನಡೆಯಿತು. ಸುಗನಿ ತವರಿಗೆ ಹೋಗಿದ್ದಾಗ ಅವಳ ಮೈದುನ ನನ್ನನ್ನು ಮಾರಿಬಿಟ್ಟ. ಅವಳು ಹಿಂದಿರುಗಿ ಖಾಲಿ ಗೂಟ ನೋಡಿ ಏನೆಂದಳೋ ನನಗೆ ಗೊತ್ತಿಲ್ಲ. ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

ಕೊಂಡವರು ಪ್ರವಾಸಿಗರ ಬಿಡಾರ ನಡೆಸುವವರು. ನಾಲ್ಕು ಜನ ನನ್ನ ಕುತ್ತಿಗೆಯ ಮೇಲೆ ಕೂತು, ಮೂಗಿನ ಹೊಳ್ಳೆಗೆ ಮರದ ಗೂಟ ತೂರಿಸಿ ದಾರ ಕಟ್ಟಿದರು. ಗಾಯ ಮಾಯುವ ಮೊದಲೇ ಬೆನ್ನಿಗೆ ಜೀನು ಬಿತ್ತು. ಕೊರಳಿಗೆ ಪ್ಲಾಸ್ಟಿಕ್ ಹೂ, ಮಂಡಿಗೆ ಗೆಜ್ಜೆ. ಬಂದ ಜನಕ್ಕೆ ತಕ್ಕ ಹಾಗೆ ಹೆಸರೂ ಬದಲಾಗುತ್ತಿತ್ತು. ಗುಜರಾತಿನವರು ಬಂದರೆ ಒಂದು, ಬಂಗಾಳದವರು ಬಂದರೆ ಇನ್ನೊಂದು. ಕನ್ನಡದವರು ಬಂದಾಗ ನಾನು ಐರಾವತ!

ಕನ್ನಡದವರನ್ನು ಕರೆತರುತ್ತಿದ್ದವನು ಗದಗಿನ ಮೃತ್ಯುಂಜಯ ಕಬಾಡಿ. ನೋಡಿದರೆ ಕೆಟ್ಟವನೆನ್ನಲಾಗದು. ನಗುಮುಖ, ಎಲ್ಲರಿಗೂ ತಾನೇ ನಿಂತು ಬಡಿಸುತ್ತಿದ್ದ, ಮುದುಕರ ಕೈಹಿಡಿದು ಇಳಿಸುತ್ತಿದ್ದ. ಅವನು ಕೊಡುತ್ತಿದ್ದ ಪ್ರವಾಸದ ಹೆಸರು ‘ಮರುಭೂಮಿಯ ಒಡಲಿಗೆ ನಾಲ್ಕು ದಿನ’. ಹೊರಡುವಾಗಲೇ ಎಲ್ಲರ ಫೋನು ತೆಗೆದುಕೊಂಡು ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಬಿಡಾರದಲ್ಲೇ ಬಿಟ್ಟುಬರುತ್ತಿದ್ದ. “ನಾಕ ದಿನ ಫೋನಿಗೆ ಸೂಟಿ ರೀ. ಇಲ್ಲಿ ನೀವು, ಮರಳು, ಶಿವ, ಮೂರ ಮಂದಿ” ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಅದು ಯಾವ ಒಡಲು? ನನ್ನ ಕಾಲಿಗೆ ಗೊತ್ತು. ಒಂದೇ ಮರಳ ದಿಬ್ಬವನ್ನು ಮೊದಲ ದಿನ ಮೂಡಣದಿಂದ ಹತ್ತುತ್ತಿದ್ದೆವು, ಮರುದಿನ ತೆಂಕಣದಿಂದ. ಅದರಾಚೆಗೇ ಹೆದ್ದಾರಿ. ಊಟ ತರುವ ಜೀಪು ‘ಬಹಳ ದೂರದಿಂದ’ ಬರುತ್ತಿತ್ತು, ಅಂದರೆ ದಿಬ್ಬದ ಬೆನ್ನ ಹಿಂದಿನ ಬಿಡಾರದಿಂದ. ಗಾಳಿ ತಿರುಗಿ ಲಾರಿಗಳ ಸದ್ದು ಕೇಳಿಬಂದರೆ ಕಬಾಡಿ ಬೆರಳೆತ್ತಿ, “ಕೇಳ್ರಿ, ಮರಳು ಹಾಡ್ಲಿಕ್ಕತ್ತೈತಿ” ಎನ್ನುತ್ತಿದ್ದ. ಜನ ಕಣ್ಣುಮುಚ್ಚಿ ಕೇಳುತ್ತಿದ್ದರು. ನನ್ನ ದಾರ ಹಿಡಿದು ನಡೆಯುತ್ತಿದ್ದ ಹಮೀರಾ ತಲೆ ತಗ್ಗಿಸುತ್ತಿದ್ದ. ಅದೇ ನೆಲದವನು. ಎಲ್ಲ ಗೊತ್ತಿದ್ದೂ ಬಾಯಿ ಬಿಡುತ್ತಿರಲಿಲ್ಲ. ಕಬಾಡಿಯ ಸುಳ್ಳಿಗಿಂತ ಅವನ ಮೌನ ನನ್ನನ್ನು ಹೆಚ್ಚು ಸುಡುತ್ತಿತ್ತು.

ಬೇಸಿಗೆ ಏರಿದ ಮೇಲೆ ಯಾರೂ ಇಲ್ಲಿ ಪ್ರವಾಸ ಮಾಡಿಸುವುದಿಲ್ಲ. ಉಳಿದ ಬಿಡಾರಗಳು ಬಾಗಿಲು ಹಾಕಿದ್ದವು. ಕಬಾಡಿ ಮಾತ್ರ ಆ ವರ್ಷ ಏಪ್ರಿಲ್‌ನಲ್ಲಿ ಒಂದು ತಂಡ ತಂದ. ಶಾಲೆಗಳಿಗೆ ರಜೆ, ಜನ ಸಿಗುತ್ತಾರೆ. ಆ ತಂಡದಲ್ಲಿ ಗದಗಿನಲ್ಲಿ ಖಾನಾವಳಿ ನಡೆಸುವ ಇಂದುಮತಿ ಇದ್ದಳು, ಅವಳ ನಾದಿನಿ ಸುವರ್ಣಾ ಇದ್ದಳು. ಇಂದುಮತಿ ದಪ್ಪ ಹೆಂಗಸು. ನನ್ನ ಬೆನ್ನೇರುವ ಮೊದಲು ಪ್ರತಿಸಲವೂ ನನ್ನ ಕಿವಿಯ ಹತ್ತಿರ ಬಂದು, “ತಪ್ಪು ತಿಳ್ಕೋಬ್ಯಾಡೋ ಯಪ್ಪಾ, ನನ್ನ ಭಾರ ಭಾಳ ಐತಿ” ಎನ್ನುತ್ತಿದ್ದಳು. ಬೆನ್ನೇರಿದವರ ಪೈಕಿ ನನ್ನನ್ನು ಕೇಳಿ ಏರಿದವಳು ಅವಳೊಬ್ಬಳೇ. ಗಂಟಿನಲ್ಲಿ ತಂದಿದ್ದ ಒಣ ರೊಟ್ಟಿ ಮುರಿದು ಅಂಗೈಯಲ್ಲಿಟ್ಟು ತಿನ್ನಿಸುತ್ತಿದ್ದಳು.

“ವೈನಿ, ಅದು ಕಚ್ಚೀತು!” ಎಂದು ಸುವರ್ಣಾ ಹೆದರಿದರೆ, “ದಿನಾ ನೂರಾರು ಮಂದೀಗೆ ಉಣ್ಣಾಕ ನೀಡ್ತೀನಿ. ಹಸದದ್ದು ಯಾವ್ದು, ಕಚ್ಚೂದು ಯಾವ್ದು, ನನಗ ತಿಳೀತದವ್ವಾ” ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಒಲೆಯ ಮುಂದಿನಿಂದ ಏಳದವಳಂತೆ. ನಾದಿನಿಯೇ ಹಟ ಹಿಡಿದು ಹೊರಡಿಸಿದ್ದಳು.

ಮೂರನೆಯ ದಿನ ಬೆಳಗ್ಗೆಯೇ ಇಂದುಮತಿ ತಲೆಸುತ್ತು ಎಂದಳು. ಕಬಾಡಿ ನಿಂಬೆ ಶರಬತ್ತು ಕೊಟ್ಟು, “ಒಲಿ ಮುಂದ ಕುಂತವ್ರಿಗೆ ಇದ್ಯಾವ ಬಿಸಲು ಬಿಡ್ರಿ ಅಕ್ಕಾರ” ಎಂದು ನಗಿಸಿದ. ಅವಳೂ ನಕ್ಕು ನನ್ನ ಮೇಲೆ ಕೂತಳು. ಬಿಸಿಲೇರಿತು. ಬೆನ್ನಮೇಲೆ ಕೂತವರ ಮೈ ನಮಗೆ ತಿಳಿಯುತ್ತದೆ. ಮೊದಲು ಬೆವರಿನಲ್ಲಿ ತೊಯ್ದಿದ್ದ ಅವಳ ಮೈ ಆಮೇಲೆ ಒಣಗಿ ಕಾದ ಹಂಚಿನಂತಾಯಿತು. ನಾನು ನಿಂತುಬಿಟ್ಟೆ. ಕಬಾಡಿ ದಾರ ಎಳೆದ. ನಾನು ಮಂಡಿಯೂರಿ ಕೂತೆ. ಅವಳು ಪಕ್ಕಕ್ಕೆ ಜಾರಿ ಮರಳಿಗೆ ಬಿದ್ದಳು.

ಕೊಡೆ ಹಿಡಿದರು, ನೀರು ಚಿಮುಕಿಸಿದರು. ಅವಳು ಕಣ್ಣು ತೆರೆದು, “ಪಂಕ್ತಿಗೆ ಎಲಿ ಹಾಕ್ರೆ, ಮಂದಿ ನಿಂತಾರ” ಎಂದು ಏನೇನೋ ಬಡಬಡಿಸತೊಡಗಿದಳು.

“ಕಬಾಡಿಯವರ, ಜೀಪು ಕರಸ್ರಿ” ಎಂದಳು ಸುವರ್ಣಾ.

“ಜೀಪು ಸಂಜೀಕ ಬರ್ತೈತಿ ರೀ. ನಾವೀಗ ಭಾಳ ಒಳಗ ಅದೀವಿ. ರಸ್ತೆ ಅಂದ್ರ ಇಲ್ಲಿಂದ ಎರಡ ದಿನದ ಹಾದಿ. ತಂಪ ಹೊತ್ತಿಗೆ ಆರಾಮ ಆಗ್ತಾರ.”

ಅವನ ಮುಖದಲ್ಲಿ ಬೆವರಿಳಿಯುತ್ತಿತ್ತು. ರಸ್ತೆ ಇಲ್ಲೇ ಇದೆ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಹೇಳಿದರೆ ಅಷ್ಟು ವರ್ಷದ ಸುಳ್ಳು ಅಷ್ಟೂ ಜನರೆದುರು ಬಯಲಾಗುತ್ತಿತ್ತು. ಅವನು ಆರಿಸಿಕೊಂಡದ್ದು ಸುಳ್ಳನ್ನು. ಹೊತ್ತು ಹೋಯಿತು. ಒದ್ದೆ ಬಟ್ಟೆ ಹಾಕಿದಂತೆಲ್ಲ ಒಣಗುತ್ತಿತ್ತು. ಇಂದುಮತಿಯ ಬಡಬಡಿಕೆಯೂ ನಿಂತಿತು.

ಆಗ ಗಾಳಿ ತಿರುಗಿತು. ದಿಬ್ಬದಾಚೆಯಿಂದ ಉದ್ದಕ್ಕೆ ಒಂದು ಸದ್ದು.

ಸುವರ್ಣಾ ತಲೆಯೆತ್ತಿದಳು. “ಅದೇನು ಸಪ್ಪಳ?”

“ಮರಳು ರೀ... ಹಾಡ್ತೈತಿ.”

“ಮರಳು ಲಾರಿ ಹಾರನ್ ಹೊಡೀತೈತೇನ್ರೀ?”

ಅವಳು ಎದ್ದು ನೇರ ಹಮೀರಾನ ಮುಂದೆ ನಿಂತು, ತನಗೆ ಬಂದಷ್ಟು ಹಿಂದಿಯಲ್ಲಿ ಕೇಳಿದಳು. “ಅಣ್ಣಾ, ನಿನ್ನ ಮಕ್ಕಳ ಆಣೆ. ರಸ್ತೆ ಎಲ್ಲಿದೆ?”

ಹಮೀರಾ ಕಬಾಡಿಯ ಕಡೆ ನೋಡಿದ. ಆಮೇಲೆ ಮಲಗಿದ್ದವಳ ಕಡೆ ನೋಡಿದ. ಕೈ ಮಾತ್ರ ಎದ್ದು ದಿಬ್ಬವನ್ನು ತೋರಿಸಿತು.

ಮೂವರು ಸೇರಿ ಇಂದುಮತಿಯನ್ನು ನನ್ನ ಮೇಲೆ ಎತ್ತಿ ಕೂರಿಸಿದರು. ಸುವರ್ಣಾ ಹಿಂದೆ ಕೂತು ಅವಳನ್ನು ತಬ್ಬಿ ಹಿಡಿದಳು. ನಾನು ಎದ್ದೆ. ಕಬಾಡಿ ಓಡಿಬಂದು ನನ್ನ ದಾರಕ್ಕೆ ಜೋತುಬಿದ್ದ. “ಬ್ಯಾಡ್ರೀ, ಹಾದಿಯೊಳಗ ಏನಾರ ಆದ್ರ ನಾ ಜವಾಬ್ದಾರ ಅಲ್ಲ! ಇಳೀರಿ!” ಅಷ್ಟು ವರ್ಷ ಆ ದಾರ ಎಳೆದ ಕಡೆಗೆಲ್ಲ ಹೋಗಿದ್ದೆ. ನೋವು ಅಂಥದು, ಹೋಗದೆ ಗತಿಯಿಲ್ಲ. ಅವತ್ತು ಕತ್ತನ್ನು ಒಂದೇ ಸಲ ಮೇಲಕ್ಕೆ ಕೊಡವಿದೆ. ಗೂಟ ಕಿತ್ತುಬಂತು. ಅದರೊಂದಿಗೆ ನನ್ನ ಮೂಗಿನ ಹೊಳ್ಳೆಯೂ ಹರಿಯಿತು. ರಕ್ತ ಅವನ ಬಿಳಿ ಅಂಗಿಯ ಮೇಲೆ ಸಿಡಿಯಿತು. ನಾನು ಹಿಂದಿರುಗಿ ನೋಡದೆ ದಿಬ್ಬ ಹತ್ತಿದೆ.

ನೆತ್ತಿಯಿಂದ ಎಲ್ಲವೂ ಕಂಡಿತು. ಕರಿಯ ಡಾಂಬರು ರಸ್ತೆ, ಚಹಾದಂಗಡಿ, ಸಾಲುಗಟ್ಟಿ ನಿಂತ ಲಾರಿಗಳು, ಅತ್ತ ಅವರು ಮೊದಲ ದಿನ ಹೊರಟಿದ್ದ ಅದೇ ಬಿಡಾರದ ನೀಲಿ ನೀರಿನ ಟ್ಯಾಂಕು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ತಂಡದವರು ಒಬ್ಬೊಬ್ಬರೇ ನಿಂತು ನೋಡಿದರು. “ಅಯ್ಯೋ ಶಿವನೇ” ಎಂದು ಯಾರೋ ಮರಳಿನಲ್ಲಿ ಕುಸಿದರು. ಸುವರ್ಣಾ ಅಳಲಿಲ್ಲ. “ನಡಿ, ನಡಿ” ಎಂದು ನನ್ನ ಕತ್ತು ತಟ್ಟಿದಳು. ಲಾರಿಯವನೊಬ್ಬ ತನ್ನ ದಾರಿ ಬಿಟ್ಟು ಇಬ್ಬರನ್ನೂ ಆಸ್ಪತ್ರೆಗೆ ಒಯ್ದ.

ಮಳೆಗಾಲಕ್ಕೆ ಮುಂಚೆ ಸುವರ್ಣಾ ಪೊಲೀಸರೊಂದಿಗೆ ಮತ್ತೆ ಬಂದಳು. ನನ್ನನ್ನು ಕಟ್ಟಿದ್ದ ಕಡೆಗೆ ಒಬ್ಬಳೇ ಬಂದು ಹರಿದ ಮೂಗಿನ ಹತ್ತಿರ ಕೈ ತಂದಳು, ಮುಟ್ಟಲಿಲ್ಲ.

“ವೈನಿ ಹೋದ್ಲೋ” ಎಂದಳು. “ಒಂದ್ ತಾಸ ಮೊದಲ ತಂದಿದ್ರ ಉಳೀತಿದ್ರು ಅಂದ್ರು ಡಾಕ್ಟರು. ನೀ ನಡದಿ. ನಿಂದೇನೂ ತಪ್ಪಿಲ್ಲ.”

ಆ ಹೊತ್ತಿಗೆ ಮಾತ್ರ ಅವಳು ಅತ್ತಳು. ಹಮೀರಾ ಪೊಲೀಸರೆದುರು ಕಂಡದ್ದನ್ನೆಲ್ಲ ಹೇಳಿದ. ಹೇಳಿದ್ದು ಒಳ್ಳೆಯದೇ. ಆದರೆ ಮಾತು ಬೇಕಿದ್ದಾಗ ಬಾಯಿ ಮುಚ್ಚಿದ್ದವನು ಜೀವ ಹೋದ ಮೇಲೆ ಆಡಿದ ಮಾತಿನಿಂದ ನನ್ನ ಸಿಟ್ಟು ಇಳಿಯಲಿಲ್ಲ. ಬಿಡಾರಕ್ಕೆ ಬೀಗ ಬಿತ್ತು. ಕಬಾಡಿ ಕೆಲವು ತಿಂಗಳು ಜೈಲಿನಲ್ಲಿದ್ದು ಜಾಮೀನಿನ ಮೇಲೆ ಹೊರಬಂದ. ಈಗ ಬೇರೆ ಹೆಸರಿನಲ್ಲಿ ಬೇರೆ ಮರುಭೂಮಿಗೆ ಜನರನ್ನು ಒಯ್ಯುತ್ತಾನಂತೆ.

ಹರಿದ ಮೂಗಿಗೆ ಮತ್ತೆ ಗೂಟ ಹಾಕಲು ಬರುವುದಿಲ್ಲ. ಸವಾರಿಗೆ ಬಾರದ ಒಂಟೆ ಯಾರಿಗೆ ಬೇಕು? ಮುದಿ ಪ್ರಾಣಿಗಳನ್ನು ಸಾಕುವ ಈ ದೊಡ್ಡಿಗೆ ತಂದು ಬಿಟ್ಟರು. ಮೇವಿದೆ, ನೆರಳಿದೆ. ಹಲ್ಲು ಸವೆದಿದೆ, ಮಂಡಿ ಹಿಡಿದುಕೊಂಡಿದೆ. ವಯಸ್ಸಾದರೆ ಕೋಪ ಆರುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು.

ರಜೆಯ ದಿನ ಪಟ್ಟಣದವರು ಮಕ್ಕಳನ್ನು ಕರೆದುಕೊಂಡು ನಮ್ಮನ್ನು ನೋಡಲು ಬರುತ್ತಾರೆ. ನನ್ನ ಮೂಗು ಕಂಡು ಕೇಳುತ್ತಾರೆ. ದೊಡ್ಡಿಯ ಕಾವಲುಗಾರ ತನಗೆ ಗೊತ್ತಿದ್ದಷ್ಟು ಕಥೆ ಹೇಳುತ್ತಾನೆ. ಕೇಳಿದವರು ತಲೆ ಅಲ್ಲಾಡಿಸಿ, “ಪಾಪ, ಮರುಭೂಮಿ ಬಹಳ ಕ್ರೂರ. ಹೆಂಗಸನ್ನು ನುಂಗಿಬಿಟ್ಟಿತು” ಎನ್ನುತ್ತಾರೆ.

ಆಗ ನಾನು ನೋಯುವ ಮಂಡಿ ಊರಿ ಎದ್ದು ನಿಲ್ಲುತ್ತೇನೆ. ಮರುಭೂಮಿ ಅವಳನ್ನು ಮುಟ್ಟಲಿಲ್ಲ, ನುಂಗಿದವನು ಮನುಷ್ಯ ಎಂದು ಎದೆ ಬಿರಿಯುವಂತೆ ಕೂಗುತ್ತೇನೆ. ಅವರು ಮಕ್ಕಳನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ.

“ಯಾಕೆ ಹೀಗೆ ಅರಚುತ್ತದೆ ಇದು?” ಎಂದು ಕೇಳುತ್ತಾರೆ.

“ಅದರ ಬುದ್ಧಿಯೇ ಹಾಗೆ” ಎನ್ನುತ್ತಾನೆ ಕಾವಲುಗಾರ.