ಕಡ್ಡಿಯ ನಾಲ್ಕು ಕಿಲೋ

ದೊಡ್ಡಮ್ಮನ ಬುದ್ಧಿಹಲ್ಲು ಸರಿಯಾದ ಹೊತ್ತು ನೋಡಿಯೇ ಕೈಕೊಟ್ಟಿತು. ನಿಲ್ದಾಣ ಸೇರಲು ಐದೇ ತಾಸು ಉಳಿದಿರುವಾಗ ಕೆನ್ನೆ ಊದಿತು. ಡಾಕ್ಟರು ಹಲ್ಲು ಕಿತ್ತು, ಮಂಪರಿನ ಮದ್ದು ಕೊಟ್ಟು ಮಲಗಿಸಿದರು. ದೊಡ್ಡಮ್ಮ ಅಂದರೆ ಆ ನಕ್ಷತ್ರನೌಕೆಯ ಕ್ಯಾಪ್ಟನ್. ಕಣ್ಣು ಮುಚ್ಚುವ ಮುಂಚೆ ಆಕೆ ಬೆರಳು ತೋರಿಸಿದ್ದು ತಂಗಿಯ ಮಗಳತ್ತ. ಹೀಗೆ ಎಲ್ಲರ ಬಾಯಲ್ಲೂ ಕಡ್ಡಿ ಎನಿಸಿಕೊಂಡಿದ್ದ ಹತ್ತೊಂಬತ್ತು ವರ್ಷದ ಚಾಲಕಿ ಆ ದಿನದ ಮಟ್ಟಿಗೆ ಕ್ಯಾಪ್ಟನ್ ಆದಳು.

ಆದರೆ ಯಾರ ಮೇಲೆ ಕ್ಯಾಪ್ಟನ್? ಇಂಜಿನಿಯರ್ ಮಾವ, ಅಡುಗೆಯಕ್ಕ, ಡಾಕ್ಟರು. ಮೂವರೂ ಅವಳು ಮೂಗು ಸುರಿಸಿಕೊಂಡು ಓಡಾಡಿದ್ದನ್ನು ಕಂಡವರು.

"ಕ್ಯಾಪ್ಟನ್ನಮ್ಮಾ, ಹಾಲು ಕುಡಿದ್ಯಾ?" ಎಂದು ಮಾವ ಕೇಳಿದರೆ ಅವಳು ಯಾವ ಮುಖ ಇಟ್ಟುಕೊಂಡು ಅಪ್ಪಣೆ ಕೊಡಬೇಕು?

ನೌಕೆ ಹಳೆಯದು, ಚಿಕ್ಕದು. ನಡುವೆ ಒಂದು ಕಂಬ, ಅದರಿಂದ ಹೊರಟ ನಾಲ್ಕು ಉದ್ದನೆಯ ತೋಳು, ಪ್ರತಿ ತೋಳಿನ ತುದಿಗೊಂದು ಕೋಣೆ: ಚಾಲಕಿಯದು, ಅಡುಗೆಯದು, ರೋಗಿಗಳದು, ಇಂಜಿನಿಯರನದು. ಒಳಗಿರುವವರ ಕಾಲು ನೆಲಕ್ಕೆ ಊರಬೇಕಾದರೆ ನೌಕೆ ಬುಗುರಿಯಂತೆ ತಿರುಗುತ್ತಲೇ ಇರಬೇಕು. ತೂಕ ನಾಲ್ಕೂ ಕಡೆ ಸಮ ಇಲ್ಲದಿದ್ದರೆ ಬುಗುರಿ ತೊನೆಯುತ್ತದೆ. ಅದಕ್ಕೇ ನಿಲ್ದಾಣಕ್ಕೆ ಜೋಡಿಸುವಾಗ ಯಾರ ಕೋಣೆಯಲ್ಲಿ ಎಷ್ಟು ನೀರಿನ ಕ್ಯಾನು ಇಡಬೇಕೆಂಬ ಲೆಕ್ಕವಿತ್ತು. ಲೆಕ್ಕಕ್ಕೆ ಆಧಾರ ತೂಕದ ಪುಸ್ತಕ. ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ತಮ್ಮ ತೂಕವನ್ನು ತಾವೇ ಅದರಲ್ಲಿ ಬರೆಯಬೇಕು. ತಾವೇ ಬರೆಯಬೇಕು ಎಂಬಲ್ಲೇ ಎಡವಟ್ಟಾಗಿತ್ತು.

ಕಡ್ಡಿ ಪುಸ್ತಕ ನೋಡಿ ಕ್ಯಾನುಗಳನ್ನು ಇಡಿಸಿದಳು. ಕುರ್ಚಿಗೆ ಬೆಲ್ಟು ಬಿಗಿದು ನಿಲ್ದಾಣದ ಬಾಗಿಲಿನತ್ತ ನೌಕೆ ತಂದಳು. ನೌಕೆ ಒಲೆದಾಡಿತು. ಸರಿಪಡಿಸಲು ಹೋದಳು, ಇನ್ನಷ್ಟು ಒಲೆದಾಡಿತು. ಅಡುಗೆಮನೆಯಲ್ಲಿ ಪಾತ್ರೆಗಳು ಉರುಳಿದ ಸದ್ದು ಬಂತು.

"ಯಾಕ್ರೀ ಹೀಗೆ ತೊನೆದಾಡ್ತಿದೀರಿ?" ನಿಲ್ದಾಣದ ಬಾಗಿಲು ಕಾಯುವವನ ದನಿ ಸ್ಪೀಕರಿನಲ್ಲಿ ಸಿಡುಕಿತು. "ಹಿಂದಕ್ಕೆ ಹೋಗಿ. ಇನ್ನೊಂದೇ ಸಲ ಬಿಡ್ತೀನಿ. ಆಗಲೂ ಆಗ್ಲಿಲ್ಲ ಅಂದ್ರೆ ನಿಮ್ಮ ಸರದಿ ಒಂಬತ್ತು ದಿನ ಆದ್ಮೇಲೆ."

ಉಗ್ರಾಣದ ತುಂಬ ಎಳೆ ಸಸಿಗಳಿದ್ದವು. ಒಂಬತ್ತು ದಿನ ಅವು ಬದುಕುವುದಿಲ್ಲ.

ಆಗ ಕಡ್ಡಿಗೆ ಹೊಳೆಯಿತು. ದೊಡ್ಡಮ್ಮ ಆ ಪುಸ್ತಕ ಬಿಡಿಸಿದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ. ಎಲ್ಲರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, ಕ್ಯಾನುಗಳನ್ನು ಅಂದಾಜಿನ ಮೇಲೆಯೇ ಇಡಿಸುತ್ತಿದ್ದಳು. ಕಡ್ಡಿ ಹಾಳೆ ತಿರುವಿದಳು. ಅಡುಗೆಯಕ್ಕ: ಐವತ್ತೆಂಟು. ಕಳೆದ ತಿಂಗಳೂ ಐವತ್ತೆಂಟು, ಮೂರು ವರ್ಷದ ಹಿಂದೆಯೂ ಐವತ್ತೆಂಟು. ಆ ಪುಣ್ಯಾತ್ಗಿತ್ತಿ ಈಚೆಗೆ ಬಾಗಿಲು ದಾಟುವುದೇ ಅಡ್ಡಡ್ಡವಾಗಿ! ಮಾವನದೂ ಅದೇ ಕತೆ, ಡಾಕ್ಟರದೂ ಅದೇ ಕತೆ.

ಕೊನೆಯ ಸಾಲು ಕಡ್ಡಿಯದೇ. ನಲವತ್ತೈದು. ನಲವತ್ತೈದಕ್ಕಿಂತ ಕಡಿಮೆ ಇದ್ದವರನ್ನು ಬೆಲ್ಟು ಹಿಡಿದಿಡುವುದಿಲ್ಲ, ಹಾಗಾಗಿ ಅಂಥವರಿಗೆ ಚಾಲಕರ ಕುರ್ಚಿ ಇಲ್ಲ. ಆ ಕುರ್ಚಿಗಾಗಿ ಅವಳು ಆರನೇ ವಯಸ್ಸಿನಿಂದ ಆಸೆಪಟ್ಟಿದ್ದಳು. ಸೇರಿದ ದಿನ ಜೇಬುಗಳಲ್ಲಿ ನಾಲ್ಕು ಕಿಲೋ ಬೋಲ್ಟು ತುಂಬಿಕೊಂಡು ತಕ್ಕಡಿ ಹತ್ತಿದ್ದಳು. ನಿಜ ಹೇಳಿದರೆ ಕುರ್ಚಿ ಹೋಗುತ್ತದೆ.

ಮೂವರನ್ನೂ ಅಡುಗೆಮನೆಗೆ ಕರೆದಳು. ಅಲ್ಲಿ ಮೂಟೆ ತೂಗುವ ತಕ್ಕಡಿ ಇತ್ತು.

"ಎಲ್ಲರೂ ಇದರ ಮೇಲೆ ಹತ್ತಿ."

"ಯಾರಿಗೆ ಹೇಳ್ತಿದೀಯ ಹತ್ತು ಅಂತ? ನಾನೇನು ಅಕ್ಕಿ ಮೂಟೇನಾ?" ಅಡುಗೆಯಕ್ಕ ಸೊಂಟದ ಮೇಲೆ ಕೈ ಇಟ್ಟಳು. ಡಾಕ್ಟರು, ಡಾಕ್ಟರ ತೂಕ ಗುಟ್ಟಾಗಿರಬೇಕು ಎಂದು ಆಗಷ್ಟೇ ಒಂದು ಕಾನೂನು ಹುಟ್ಟಿಸಿದರು. ಮಾವ ಬೂಟಿನ ಲಾಡಿ ಕಟ್ಟಲು ಬಗ್ಗಿದವನು ಏಳಲೇ ಇಲ್ಲ.

ಕಡ್ಡಿ ಗದರಿಸಬಹುದಿತ್ತು. ಅವಳ ಗದರಿಕೆಗೆ ಅಲ್ಲಿ ಇಲಿಯೂ ಹೆದರುತ್ತಿರಲಿಲ್ಲ. ಅವಳು ತಾನೇ ತಕ್ಕಡಿ ಹತ್ತಿದಳು. ಮುಳ್ಳು ನಲವತ್ತೊಂದಕ್ಕೆ ನಿಂತಿತು.

"ಮೊದಲ ದಿನದಿಂದ ಸುಳ್ಳು ಬರೀತಿದೀನಿ," ಎಂದಳು. "ಜೇಬಲ್ಲಿ ಬೋಲ್ಟು ಇಟ್ಕೊಂಡಿದ್ದೆ."

"ನನ್ನ ಬೋಲ್ಟು!" ಮಾವ ಲಾಡಿ ಬಿಟ್ಟು ಎದ್ದ. "ಒಂದು ವರ್ಷದಿಂದ ಹುಡುಕ್ತಿದೀನಲ್ಲೇ!"

ಅಡುಗೆಯಕ್ಕ ಅವನನ್ನು ಸುಮ್ಮನಿರಿಸಿದಳು. "ಕುರ್ಚಿ ಹೋಗುತ್ತಲ್ಲೇ ಕಡ್ಡಿ."

"ಹೋಗ್ಲಿ. ಸಸಿಗಳು ಸಾಯೋದು ಬೇಡ."

ಅಡುಗೆಯಕ್ಕ ಚಪ್ಪಲಿ ಬಿಟ್ಟಳು, ಜೇಬಿನ ಸೌಟು ತೆಗೆದಿಟ್ಟಳು, ಓಲೆಯನ್ನೂ ಬಿಚ್ಚಿಟ್ಟು ತಕ್ಕಡಿ ಹತ್ತಿದಳು. ಎಪ್ಪತ್ತಮೂರು. "ನಗಬೇಡಿ," ಎಂದಳು. ಯಾರೂ ನಗಲಿಲ್ಲ, ಯಾಕೆಂದರೆ ಮುಂದಿನ ಸರದಿ ಅವರದೇ. ಮಾವ ಹನ್ನೊಂದು ಕಿಲೋ ಮುಚ್ಚಿಟ್ಟಿದ್ದ, ಡಾಕ್ಟರು ಎಂಟು.

ಇನ್ನು ಉಳಿದದ್ದು ದೊಡ್ಡಮ್ಮ. ನಾಲ್ವರೂ ಬೆಕ್ಕಿನ ಹೆಜ್ಜೆ ಇಟ್ಟು, ಗೊರಕೆ ಹೊಡೆಯುತ್ತಿದ್ದ ಕ್ಯಾಪ್ಟನ್ನನ್ನು ಹಾಸಿಗೆ ಸಮೇತ ಹೊತ್ತು ತಂದರು. ಹಾಸಿಗೆಯ ತೂಕ ಕಳೆದ ಮೇಲೆ ಡಾಕ್ಟರು ಕಡ್ಡಿಯ ಕಿವಿಯಲ್ಲಿ ಉಸುರಿದರು: "ಎಪ್ಪತ್ತೊಂದು." ಪುಸ್ತಕದಲ್ಲಿದ್ದದ್ದು ಅರವತ್ತೆರಡು. ಕಡ್ಡಿ ಅದನ್ನು ಹೊಡೆದುಹಾಕಿ ಎಪ್ಪತ್ತೊಂದು ಎಂದು ಬರೆದಳು.

ದೊಡ್ಡಮ್ಮನನ್ನು ವಾಪಸ್ಸು ಮಲಗಿಸಿ, ಹೊಸ ಲೆಕ್ಕದಂತೆ ಕ್ಯಾನುಗಳನ್ನು ಎಳೆದಾಡಿದರು. ಈ ಸಲ ಯಾರೂ ಹಾಲಿನ ಮಾತೆತ್ತಲಿಲ್ಲ. ಮಾವ ಒಂದು ಚೀಲ ತಂದು ಕಡ್ಡಿಯ ಕೈಗಿಟ್ಟ. "ನಾಲ್ಕು ಕಿಲೋ. ಈಗ ನಾನೇ ಕೊಡ್ತಿದೀನಿ, ಲೆಕ್ಕಕ್ಕೂ ಸೇರಿಸಿದೀನಿ. ಜೇಬಿಗೆ ಹಾಕ್ಕೊಂಡು ಬೆಲ್ಟು ಬಿಗಿ."

ನೌಕೆ ಬಾಗಿಲಿಗೆ ಹೋಗಿ ಕೂತಿತು, ಒಂದು ಲೋಟವೂ ಅಲುಗಲಿಲ್ಲ.

ಸಸಿಗಳನ್ನು ಇಳಿಸುತ್ತಿರುವಾಗ ದೊಡ್ಡಮ್ಮ ಎದ್ದು ಬಂದಳು. ಕೆನ್ನೆ ಊದಿ ಮಾತು ಹೊರಡುತ್ತಿರಲಿಲ್ಲ. ಕಡ್ಡಿ ಪುಸ್ತಕ ಮುಂದಿಟ್ಟು ತಲೆ ತಗ್ಗಿಸಿ ನಿಂತಳು. ದೊಡ್ಡಮ್ಮ ಎಪ್ಪತ್ತೊಂದರ ಮೇಲೆ ಬೆರಳಿಟ್ಟಳು. ಡಾಕ್ಟರಿಗೆ ತಟ್ಟನೆ ಬೇರೆಲ್ಲೋ ಕೆಲಸ ನೆನಪಾಯಿತು.

ದೊಡ್ಡಮ್ಮ ಪೆನ್ನು ತೆಗೆದುಕೊಂಡು ಅದೇ ಹಾಳೆಯಲ್ಲಿ ಬರೆದಳು: "ನಿನ್ನ ಸುಳ್ಳು ಮೊದಲ ದಿನವೇ ಗೊತ್ತಿತ್ತು. ನಡೆದರೆ ಜೇಬು ಝಣಗುಡುತ್ತಿತ್ತು. ನೀನಾಗಿ ಹೇಳಲಿ ಅಂತ ಕಾದೆ. ನಲವತ್ತೈದು ಆಗುವ ತನಕ ಚಾಲಕಿಯ ಕುರ್ಚಿ ಇಲ್ಲ. ಅದರಲ್ಲಿ ನಾನು ಕೂರುತ್ತೇನೆ."

ಕಡ್ಡಿಯ ಕಣ್ಣು ತುಂಬಿತು. ಹೋಗಲು ತಿರುಗಿದಳು. ದೊಡ್ಡಮ್ಮ ತೋಳು ಹಿಡಿದು ನಿಲ್ಲಿಸಿ, ಇನ್ನೊಂದು ಸಾಲು ಬರೆದಳು:

"ನೀನು ನನ್ನ ಕ್ಯಾಪ್ಟನ್ ಕುರ್ಚಿಯಲ್ಲಿ ಕೂತಿರು. ಅದಕ್ಕೆ ತೂಕದ ನಿಯಮ ಇಲ್ಲ."