ಬಾಣಲೆ ಕೆಳಗಿಳಿದ ದಿನ

ಆ ಬೆಳಿಗ್ಗೆ ಬೀದಿಗೆ ಕವಿದ ಮಂಜು ಕರಗಲೇ ಇಲ್ಲ. ಇಸ್ತ್ರಿಯವನ ಮನೆಯ ಹಗ್ಗದಲ್ಲಿ ಊರವರ ಅಂಗಿಗಳು ಒದ್ದೆಯಾಗಿಯೇ ತೂಗುತ್ತಿದ್ದವು. ಒಳಗೆ ಅವನು ಮೇಜಿಗೊರಗಿ ಉಸಿರೆಳೆದುಕೊಳ್ಳುತ್ತಿದ್ದ. ಎದೆನೋವೆಂದು ಆಸ್ಪತ್ರೆ ಸೇರಿ ಬಂದು ತಿಂಗಳೂ ತುಂಬಿರಲಿಲ್ಲ. ಅವನ ಅಣ್ಣನನ್ನು ಕರೆದೊಯ್ದದ್ದೂ ಇದೇ ನೋವು.

ಕರಿದದ್ದು ಬೇಡವೆಂದು ವೈದ್ಯರು ಹೇಳಿದ್ದರು. ತಾಯಿ ಒಪ್ಪಲಿಲ್ಲ. ಸೊಸೆ ತನ್ನ ಮಗನನ್ನು ಉಪವಾಸ ಕೆಡವುತ್ತಾಳೆಂದು ಅವಳ ಕೈಯಿಂದ ಅಡುಗೆಮನೆಯ ಕಪಾಟಿನ ಬೀಗದಕೈ ಕಿತ್ತುಕೊಂಡು, ದಿನವೂ ತಾನೇ ಬಾಣಲೆ ಇಡುತ್ತಿದ್ದಳು. ನಿನ್ನೆಯ ಕಪ್ಪೆಣ್ಣೆಯಲ್ಲೇ ಇಂದಿನ ತಿಂಡಿ.

ಎದುರುಮನೆಯ ದಾದಿ ಗೋಧಿ ಹಿಟ್ಟಿನ ಪಾತ್ರೆ ಹಿಡಿದು ಬಂದಳು.

"ಅಮ್ಮಾ, ಇವತ್ತು ಎಂಪನಾಡ ಮಾಡೋಣ."

"ಅದ್ಯಾವ ನಾಡೇ?"

"ಯಾವ ನಾಡಾದ್ರೇನು, ಹಸಿವು ಒಂದೇ ಅಲ್ವಾ? ನಮ್ಮ ಕರ್ಜಿಕಾಯಿ ಥರ, ಮಡಚಿದ ಹಿಟ್ಟಿನೊಳಗೆ ತರಕಾರಿ. ಕರಿಯೋದಿಲ್ಲ, ಬೇಕ್ ಮಾಡೋದು."

"ಕಾಯಿಲೆಯವನಿಗೆ ರಟ್ಟು ತಿನ್ನಿಸ್ತೀಯಾ? ಓವನ್ ಬೇರೆ ಬೇಕಲ್ಲ, ಮಹಾರಾಣಿಗೆ!"

"ನಿಮ್ಮ ಇಸ್ತ್ರಿಪೆಟ್ಟಿಗೆಯ ಸ್ಟ್ಯಾಂಡ್ ಸಾಕು ಬಿಡಿ."

ದಾದಿ ಕಬ್ಬಿಣದ ಸ್ಟ್ಯಾಂಡನ್ನು ತಿಕ್ಕಿ ತೊಳೆದು, ದಪ್ಪ ತಳದ ಪಾತ್ರೆಯೊಳಗಿಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಕಾಯಿಸಿದಳು. ಸೊಸೆ ಹಿಟ್ಟಿಗೆ ಒಂದೆರಡು ಚಮಚ ಎಣ್ಣೆ, ಚಿಟಿಕೆ ಉಪ್ಪು ಹಾಕಿ ನಾದಿದಳು. ಕ್ಯಾರೆಟ್, ಬೀನ್ಸ್, ಕೋಸನ್ನು ಸಣ್ಣಗೆ ಹೆಚ್ಚಿ, ನೀರಿನಂಶ ಹೋಗುವವರೆಗೆ ಬಾಡಿಸಿ, ಪೂರ್ತಿ ಆರಲು ಬಿಟ್ಟಳು.

ಹಿಟ್ಟು ಲಟ್ಟಿಸಿದ್ದೇ ತಡ, ತಾಯಿ ನೀರಿನಲ್ಲಿ ಬೆರಳದ್ದಿ ಎಲ್ಲದರ ಮೇಲೂ ಚಿಮುಕಿಸಿಬಿಟ್ಟಳು. ಇಸ್ತ್ರಿಗೆ ಮೊದಲು ಬಟ್ಟೆಗೆ ನೀರು ಚಿಮುಕಿಸಿ ರೂಢಿಯಾದ ಕೈ ಅದು. ತರಕಾರಿ ತುಂಬಿ ಮಡಚಿದ ಮೊದಲ ಸರದಿ ಅಂಟಿ, ಹರಿದು, ತರಕಾರಿಯೆಲ್ಲ ಹೊರಬಿತ್ತು.

"ಅಯ್ಯೋ ಅಮ್ಮಾ, ಅಂಗಿ ಅಲ್ಲ ಇದು! ನೀರು ಅಂಚಿಗೆ ಮಾತ್ರ. ಮಡಚಿ, ಫೋರ್ಕಿನಿಂದ ಒತ್ತಿ."

"ಅಮ್ಮನ ಕೈಲಿ ಬೆಳೆದ ಹಿಟ್ಟು," ಮೇಜಿನಿಂದ ಮಗ ನಕ್ಕ, "ಬಾಯಿ ಮುಚ್ಚು ಅಂದ್ರೆ ಎಲ್ಲಿ ಮುಚ್ಚುತ್ತೆ!"

ನಗು ಅಲ್ಲೇ ಏದುಸಿರಾಯಿತು. ಅವನು ಎದೆ ಹಿಡಿದುಕೊಂಡ. ಉಸಿರು ತಹಬಂದಿಗೆ ಬರುವವರೆಗೆ ದಾದಿ ಅವನ ನಾಡಿ ಹಿಡಿದು ನಿಂತಳು.

ತಾಯಿ ನೆಲದ ಮೇಲೆ ಕೂತುಬಿಟ್ಟಳು. "ದೊಡ್ಡವನಿಗೆ ಕೊನೇ ಸಂಜೆ ನಾನೇ ಕರಿದು ಕೊಟ್ಟಿದ್ದು. ಸಾಕಮ್ಮಾ ಅಂದ. ಇನ್ನೊಂದು ತಿನ್ನೋ ಅಂತ ನಾನೇ... ಈಗ ಆ ಎಣ್ಣೆ ಕೆಟ್ಟದ್ದು ಅಂತ ಒಪ್ಕೊಂಡ್ರೆ, ನಾನೇನಾದೆ ಹೇಳು?"

ದಾದಿ ಪಕ್ಕದಲ್ಲಿ ಕೂತಳು. "ಒಂದು ಸಂಜೆಯ ತಿಂಡಿಯಿಂದ ಹಾಗಾಗಲ್ಲಮ್ಮ. ನೀವು ಪ್ರೀತಿನೇ ಬಡಿಸಿದ್ದು, ದೇವರು ಬಲ್ಲ. ಆವತ್ತು ನಿಮಗೆ ಗೊತ್ತಿರಲಿಲ್ಲ. ಇವತ್ತು ಗೊತ್ತು, ಅಷ್ಟೇ."

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು, ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದಳು. ಎರಡನೇ ಸರದಿಯ ಅಂಚುಗಳನ್ನು ತಾನೇ ಒತ್ತಿದಳು. ದಾದಿ ಅವನ್ನು ತಟ್ಟೆಯಲ್ಲಿ ಜೋಡಿಸಿ, ಕಾದ ಪಾತ್ರೆಯ ಸ್ಟ್ಯಾಂಡಿನ ಮೇಲಿಟ್ಟು ಮುಚ್ಚಿದಳು. ಅರ್ಧ ಗಂಟೆಯಲ್ಲಿ, ನಡುವೆ ಒಮ್ಮೆ ತಿರುವಿಹಾಕಿದ ಮೇಲೆ, ಅವು ಕೆಂಪಗೆ ಬೆಂದವು.

"ರಟ್ಟು ಹೇಗಿದೆಯೋ?"

"ಇನ್ನೊಂದು ರಟ್ಟು ಕೊಡಮ್ಮ."

ಇನ್ನೊಂದು ಎಂಬ ಮಾತಿಗೆ ತಾಯಿಯ ಕೈ ತಡೆಯಿತು. ದಾದಿಯ ಮುಖ ನೋಡಿದಳು. ಅವಳು ತಲೆಯಾಡಿಸಿದ ಮೇಲೆಯೇ ಬಡಿಸಿದಳು.

ಓದುತ್ತಿರುವ ಅಮ್ಮಂದಿರೇ, ಅಣ್ಣಂದಿರೇ, ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಎಂಪನಾಡ ಔಷಧವಲ್ಲ, ವೈದ್ಯರು ಕೊಟ್ಟ ಗುಳಿಗೆ ಬಿಡಬೇಡಿ. ಆದರೆ ಬಾಯಿಗೆ ರುಚಿ ಬೇಕೆಂದು ಎದೆಗೆ ಭಾರ ಹೊರಿಸುವುದು ಬೇಡ. ಹೋದವರಿಗೆ ನಾವು ಇನ್ನು ಬಡಿಸಲಾರೆವು. ಇರುವವರ ತಟ್ಟೆ ಇನ್ನೂ ನಮ್ಮ ಕೈಯಲ್ಲಿದೆ.

ಸಂಜೆ ಮಂಜು ಮತ್ತೆ ಇಳಿಯಿತು. ಸೊಸೆ ಪಾತ್ರೆ ಒರೆಸುತ್ತಿದ್ದಳು. ಅತ್ತೆ ಬಂದು, ಅವಳ ಒದ್ದೆ ಅಂಗೈ ಬಿಡಿಸಿ ಕಪಾಟಿನ ಬೀಗದಕೈ ಇಟ್ಟು ಹೋದಳು.